ದೋಣಿಯ ಅರ್ಜಿಗೆ ಬಿದ್ದ ಹೆಬ್ಬೆಟ್ಟು

ಬೀರೇಶ್ವರನ ಗುಡಿಯಲ್ಲಿ ಭಂಡಾರವೆಂಬ ದೇವರ ಅರಿಸಿನಪುಡಿ ಮುಟ್ಟಿ ಆಣೆ ಮಾಡಲು ಕೈ ಚಾಚಿದೆ. ಕುರಿ ಕಾಯುವ ಹಿರಿಯರೊಬ್ಬರು ನನ್ನ ಕೈ ಹಿಡಿದು ತಡೆದರು.

ಅದು ಮುಂಬೈ ಸರಕಾರದ ಕಾಲ. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣಾ ಹೊಳೆ ದಾಟಲು ಸರಕಾರಿ ದೋಣಿ ಬೇಕೆಂಬ ಅರ್ಜಿಗೆ ನಾನು ಸಹಿ ಕೂಡಿಸುತ್ತಿದ್ದೆ. ಸಹಿ ಕೇಳಲು ಬಂದವನು ಪಗಾರಕ್ಕೆ ಬಂದಿದ್ದಾನೋ, ತನ್ನ ಮನಸ್ಸಿನಿಂದಲೋ ಎಂಬುದನ್ನು ಮೊದಲು ಭಂಡಾರ ಮುಟ್ಟಿ ಹೇಳುವುದು ಆ ಊರಿನ ರೂಢಿ.

ಕೈ ಹಿಡಿದ ಆ ಹಿರಿಯರು ಹೇಳಿದರು: “ಹ್ವಾದ ವರ್ಷ ಒಬ್ಬಾಂವ ಇದೇ ಅರ್ಜಿ ತಂದಿದ್ದರಿ. ಪಗಾರದ ಮ್ಯಾಲ ಬಂದೇನಿ ಅಂತ ಭಂಡಾರ ಮುಟ್ಟಿ ಖರೆ ಹೇಳಿದ. ರೊಕ್ಕಕ್ಕ ಬಂದಾಂವಗ ಹೆಬ್ಬಟ್ಟ ಒತ್ತಬ್ಯಾಡ್ರಿ ಅಂತ ನಾನ ಎಲ್ಲಾರಿಗೂ ಹೇಳಿದೆ. ದೋಣಿ ಬರಲಿಲ್ಲ. ಮಳಿಗಾಲದಾಗ ನನ್ನ ಮಗಳಿಗೆ ಹೆರಿಗಿ ಬ್ಯಾನಿ ಹತ್ತಿತು. ದವಾಖಾನಿ ಆಚಿ ದಂಡ್ಯಾಗ. ಆಕಿ ಈಚಿ ದಂಡ್ಯಾಗ ಸತ್ತಳರಿ.”

“ನನಗ ಯಾರೂ ರೊಕ್ಕ ಕೊಟ್ಟಿಲ್ಲ, ಅಜ್ಜಾರ,” ಎಂದೆ.

“ನಾ ಅದನ್ನ ಕೇಳಲಿಲ್ಲರಿ,” ಎಂದು ಅವರು ಹೆಬ್ಬೆಟ್ಟು ಒತ್ತಿದರು.

ಮುಂದೆ ದೋಣಿ ಬಂತು. ಪುಕ್ಕಟೆ ದುಡಿದವನೆಂದು ಜನ ನನ್ನನ್ನು ಹೊಗಳಿದಾಗಲೆಲ್ಲ, ನಾನೆಂದೂ ಮುಖ ನೋಡದ ಆ ಪಗಾರದ ಮನುಷ್ಯ ನೆನಪಾಗುತ್ತಾನೆ. ಅವನು ಕೇಳಿದ್ದೂ ಇದೇ ದೋಣಿಯನ್ನು.