ಒಣಮೀನು ತಂದವಳು

ಚಾಮರಾಜಪೇಟೆಯ ಛತ್ರಕ್ಕೆ ಒಣಮೀನು ತಂದವಳು ನಾನು. ಅದನ್ನು ನಿನ್ನ ತಲೆಗೆ ಕಟ್ಟಿದವಳೂ ನಾನೇ. ಇಷ್ಟು ವರ್ಷ ಈ ಸತ್ಯ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು, ನೆಂಗ್. ನೀನು ಕನ್ನಡ ಮಾತಾಡುತ್ತೀಯ, ಓದಲಾರೆ. ಯಾರಾದರೂ ಓದಿ ಹೇಳಿಯಾರು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನೀನಾಗ ಮಲ್ಲೇಶ್ವರದ ಬ್ಯೂಟಿ ಪಾರ್ಲರಿನಲ್ಲಿ ದುಡಿಯುತ್ತಿದ್ದೆ. ದೂರದ ನಿಮ್ಮ ಬೆಟ್ಟದ ಊರಲ್ಲಿ ಗಲಭೆಯಾಗಿ, ಮನೆಗಳು ಸುಟ್ಟುಹೋಗಿ, ನಿನ್ನ ತಾಯಿ ಮತ್ತು ನೆಂಟರಿಷ್ಟರೆಲ್ಲ ನಿನ್ನೊಬ್ಬಳನ್ನೇ ನಂಬಿ ಬೆಂಗಳೂರಿಗೆ ಬಂದಿಳಿದರು. ನಿನ್ನ ಒಂದು ಕೋಣೆಯಲ್ಲಿ ಎಷ್ಟು ಜನ ಹಿಡಿಸಿಯಾರು? ಆಷಾಢ ಮಾಸ, ಮದುವೆಗಳಿಲ್ಲ, ಛತ್ರ ಖಾಲಿ. ಇರಲಿ ಬಿಡಿ ಎಂದು ಸಮಿತಿಯವರು ಬಾಗಿಲು ತೆರೆದರು. ಸಮಿತಿಯ ಕೆಲಸಗಳಿಗೆ ಕೈಜೋಡಿಸುತ್ತಿದ್ದ ನನ್ನ ಪಾಲಿಗೆ ಊಟದ ಉಸ್ತುವಾರಿ ಬಂತು.

ಛತ್ರದ ಅಧ್ಯಕ್ಷರೇ ಎನ್.ಆರ್. ಕಾಲೋನಿಯಲ್ಲಿ ನನ್ನ ಮನೆಯ ಮಾಲೀಕರು. ಒಳ್ಳೆಯ ಮನುಷ್ಯ—ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ಆದರೆ ಮಾಂಸ ಮೀನು ತಿನ್ನುವವರಿಗೆ ಮನೆ ಕೊಡುವುದಿಲ್ಲ. ನಾನು ಸಾಮಾನು ಇಳಿಸುವಾಗ ಬುದ್ಧನ ಫೋಟೊ ನೋಡಿ, ‘ಓ, ಅಹಿಂಸೆಯವರು’ ಎಂದು ತಾವೇ ತೀರ್ಮಾನ ಮಾಡಿಕೊಂಡರು. ನಾನು ತಿದ್ದಲಿಲ್ಲ. ನಮ್ಮದು ಬೌದ್ಧರ ಮನೆ, ನಿಜ. ಒಣಮೀನಿನ ಸಾರಿಲ್ಲದ ಭಾನುವಾರವನ್ನು ನಮ್ಮಮ್ಮ ಭಾನುವಾರವೆಂದೇ ಒಪ್ಪುತ್ತಿರಲಿಲ್ಲ, ಅದೂ ನಿಜ. ಬಾಯಿ ಕೇಳಿದಾಗ ವೈಯಾಲಿಕಾವಲ್‌ನ ಅಕ್ಕನ ಮನೆಗೆ ಹೋಗಿ ಉಂಡು, ಸೋಂಪು ಅಗಿಯುತ್ತ ಹಿಂದಿರುಗುತ್ತಿದ್ದೆ. ಸರ್ಕಾರಿ ಕಚೇರಿಯಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹೆಂಗಸು, ಕಳ್ಳಬೆಕ್ಕಿನ ಹಾಗೆ!

ಛತ್ರದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು, ಅನ್ನ, ಪಲ್ಯ, ಸಂಜೆಗೆ ಉಪ್ಪಿಟ್ಟು. ರುಚಿಗೇನೂ ಕೊರತೆಯಿರಲಿಲ್ಲ. ಆದರೂ ಎಲೆಗಳಲ್ಲಿ ಅರ್ಧಕ್ಕರ್ಧ ಉಳಿಯುತ್ತಿತ್ತು. ‘ಪುಕ್ಕಟೆ ಸಿಕ್ಕಿದ್ರೆ ಹಿಂಗೇ’ ಎಂದು ಬಡಿಸುವವರು ಗೊಣಗಿದರು. ನನಗೆ ಸಿಟ್ಟು ಬಂತು. ಮನೆ ಕಳೆದುಕೊಂಡವರು ನಾಲಿಗೆಯನ್ನೂ ಕಳೆದುಕೊಂಡಿರಬೇಕೇ? ಅಧ್ಯಕ್ಷರ ಹಿಂದೆ ಬಿದ್ದು, ಬೇಯಿಸಿದ ಊಟದ ಬದಲು ದಿನಸಿಯನ್ನೂ ಹಿತ್ತಲಲ್ಲಿ ಒಂದು ಒಲೆಯನ್ನೂ ಕೊಡಿಸಿದೆ. ನಿಮ್ಮ ಹೆಂಗಸರು ಸೊಪ್ಪು ಬೇಯಿಸಿದರು, ಮೆಣಸಿನಕಾಯಿ ಅರೆದರು, ಉಪ್ಪು ಹೆಚ್ಚಾಯಿತೆಂದು ಜಗಳವಾಡಿದರು. ಆ ಜಗಳ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ—

ನಿನ್ನ ತಾಯಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದರು. ಎರಡು ತುತ್ತು ತಿಂದರೆ ಹೆಚ್ಚು. ದಿನದಿಂದ ದಿನಕ್ಕೆ ಇಳಿದುಹೋದರು. ಹೀಗೇ ಆದರೆ ಉಳಿಯುವುದಿಲ್ಲ ಎಂದು ನೋಡಲು ಬಂದ ಡಾಕ್ಟರು ಹೇಳಿಯೇಬಿಟ್ಟರು.

“ಮೀನ್ ಹಾಕಿ ಚಟ್ನಿ ಮಾಡಿದ್ರೆ ತಿಂತಾಳೆ ಆಂಟಿ. ಇಲ್ಲಿ ಆಗಲ್ಲ ಅಲ್ವಾ,” ಎಂದೆ ನೀನು. ಬೇಡಲಿಲ್ಲ, ಸುಮ್ಮನೆ ಹೇಳಿದೆ.

ಮರುದಿನ ಅಕ್ಕನ ಮನೆಯಿಂದ ಒಣಮೀನು ತಂದು ನಿನ್ನ ಕೈಗಿಟ್ಟೆ. ನೀನು ಹೆದರಿದೆ. ಅಧ್ಯಕ್ಷರ ಬಾಡಿಗೆ ಮನೆಯಲ್ಲಿ ನಾನೇ ಬಚ್ಚಿಟ್ಟುಕೊಂಡು ಬದುಕುತ್ತಿದ್ದೇನೆ, ಗೊತ್ತಾದರೆ ನನ್ನ ಸಾಮಾನು ಬೀದಿಗೆ ಬರುತ್ತದೆ ಎಂದು ಹೇಳಿ ನಿನ್ನನ್ನು ನಗಿಸಿದೆ. ಆಮೇಲೆ ಹೇಳಿದೆ—“ನೀನು ಮಾಡು. ಯಾರಾದ್ರೂ ಕೇಳಿದ್ರೆ ನಾನಿದೀನಿ.”

ನಿನ್ನ ತಾಯಿ ಎದ್ದು ಕುಳಿತು ಉಂಡರು. ಇನ್ನಷ್ಟು ಅನ್ನ ಕೇಳಿದರು. ನನ್ನ ಕೈ ಹಿಡಿದು ನಿಮ್ಮ ಭಾಷೆಯಲ್ಲಿ ಏನೋ ಅಂದರು. ನೀನು ಅರ್ಥ ಹೇಳದೆ ಕಣ್ಣೊರೆಸಿಕೊಂಡೆ. ಮೂರ್ನಾಲ್ಕು ದಿನ ಅವರು ಹಿತ್ತಲಿಗೆ ತಾವೇ ನಡೆದು ಬಂದು ಒಲೆಯ ಪಕ್ಕ ಕುಳಿತರು.

ಆದರೆ ಒಣಮೀನು ಗುಟ್ಟು ಕಾಯುವ ಪದಾರ್ಥವಲ್ಲ. ನಾವಿಬ್ಬರೂ ಒಲೆಯ ಬಳಿ ಇದ್ದಾಗ ವಾಸನೆ ಹಿಡಿದು ಅಧ್ಯಕ್ಷರು ಹಿತ್ತಲಿಗೆ ಬಂದರು, ಪಂಚೆಯ ತುದಿ ಮೂಗಿಗೆ ಒತ್ತಿಕೊಂಡು, ನನ್ನನ್ನೇ ಕೇಳಿದರು.

“ಯಾರಮ್ಮ ತಂದಿದ್ದು ಇದನ್ನ? ನಿಮಗೆ ಗೊತ್ತಿತ್ತಾ?”

ನೀನು ನನ್ನ ಕಡೆ ನೋಡಿದೆ. ಗಾಬರಿಯಿಂದಲ್ಲ—ನಾನಿದ್ದೇನಲ್ಲ ಎಂಬ ನೆಮ್ಮದಿಯಿಂದ. ಆ ನೋಟವನ್ನು ನಾನು ಎಲ್ಲಿ ಬಚ್ಚಿಡಲಿ?

“ನಂಗೇನೂ ಗೊತ್ತಿಲ್ಲ ಸಾರ್,” ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಎಷ್ಟ್ ಹೇಳಿದ್ರೂ ಈ ಜನ ಕೇಳಲ್ಲ.”

ಈ ಜನ! ನಮ್ಮಮ್ಮನನ್ನು ಹೀಗೆ ಅಂದವರಿದ್ದರು. ನನ್ನನ್ನೂ ಅಂದಿದ್ದರು. ಕೇಳಿ ಕೇಳಿ ಮೈ ಉರಿದ ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು, ನೆಂಗ್—ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದೆನೋ ಏನೋ.

ನೀನು ಏನೋ ಹೇಳಲು ಬಾಯಿ ತೆರೆದೆ. ನನ್ನ ಮುಖ ನೋಡಿದೆ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, “ತಪ್ಪಾಯ್ತು ಸಾರ್. ನಾನೇ ತಂದಿದ್ದು,” ಎಂದೆ.

ಒಲೆ ಮತ್ತೆ ಉಗ್ರಾಣ ಸೇರಿತು. ಮತ್ತೆ ಸಾರು, ಅನ್ನ. ನಿನ್ನ ತಾಯಿ ಮತ್ತೆ ಗೋಡೆಯ ಕಡೆ ತಿರುಗಿದರು. ಶ್ರಾವಣದ ಮದುವೆಗಳಿಗೆ ಸುಣ್ಣ ಹೊಡೆಸಬೇಕೆಂಬ ನೆಪದಲ್ಲಿ ವಾರದೊಳಗೆ ನಿಮ್ಮನ್ನು ಕಳಿಸಿದರು. ನೀನು ಗಂಟುಮೂಟೆ ಹೊತ್ತು ನನ್ನ ಮುಂದೆಯೇ ಹಾದುಹೋದೆ, ನಾನೊಂದು ಕಂಬವೆಂಬಂತೆ. ನಿನ್ನ ತಾಯಿ ಮಾತ್ರ ನಿಂತು ನನ್ನ ಕೆನ್ನೆ ಸವರಿದರು. ನೀನು ಅವರಿಗೆ ಹೇಳಿರಲಿಲ್ಲ. ಆಮೇಲೆ ಅವರು ಉಂಡರೋ ಇಲ್ಲವೋ, ಇದ್ದಾರೋ ಇಲ್ಲವೋ, ನನಗೆ ತಿಳಿಯದು. ನೀನು ಪಾರ್ಲರಿನ ಕೆಲಸ ಬಿಟ್ಟಿದ್ದೆ, ಫೋನ್ ನಂಬರನ್ನೂ ಬದಲಾಯಿಸಿದ್ದೆ.

ಅಧ್ಯಕ್ಷರು ನನಗೆ ‘ನೀವಿದ್ದಿದ್ದಕ್ಕೆ ಸರಿಹೋಯ್ತು’ ಎಂದರು. ಆ ವರ್ಷ ಬಾಡಿಗೆಯನ್ನೂ ಏರಿಸಲಿಲ್ಲ.

ಈಗ ಮತ್ತೊಂದು ಕಡೆಯಿಂದ, ಮತ್ತೊಂದು ಹೊಡೆದಾಟದಿಂದ ಓಡಿಬಂದ ಸಂಸಾರಗಳು ಛತ್ರದಲ್ಲಿವೆ. ಕಳೆದ ವಾರ ಸಮಿತಿ ಸೇರಿದಾಗ, ಅವರಿಗೆ ಅಡಿಗೆ ಮಾಡಿಕೊಳ್ಳಲು ಬಿಡೋಣವೇ ಎಂದು ಯಾರೋ ಕೇಳಿದರು.

“ಒಲೆ ಗಿಲೆ ಬೇಡ. ಹಿಂದಿನ ಸಲ ಏನಾಯ್ತು ಅಂತ ಇವರನ್ನೇ ಕೇಳಿ,” ಎಂದು ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿದರು.

ಅಂದರೆ ಇಷ್ಟು ವರ್ಷ ಆ ಹಿತ್ತಲಲ್ಲಿ ಯಾರಿಗೂ ಒಲೆ ಸಿಗದಿದ್ದದ್ದು ನನ್ನ ಮಾತಿನ ಮೇಲೆ. ನಾನು ಎದ್ದು ನಿಂತೆ. “ಆ ಮೀನು ತಂದಿದ್ದು ನಾನು ಸಾರ್. ನಾವೂ ತಿಂತೀವಿ. ಅವಳು ತಂದಿರ್ಲಿಲ್ಲ. ಇವ್ರಿಗೆ ಒಲೆ ಕೊಡಿ,” ಎಂದೆ. ಮನೆ ಬಿಡಬೇಕಾಗುತ್ತದೆ, ಬಿಡುತ್ತೇನೆ. ಒಲೆಯ ಮಾತು ಇನ್ನೂ ತೀರ್ಮಾನವಾಗಿಲ್ಲ, ಆಗುವವರೆಗೂ ಕೇಳುತ್ತೇನೆ.

ಅಂದು ಸಭೆಯಲ್ಲಿ ಅಧ್ಯಕ್ಷರು ಪೂರ್ತಿ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಮತ್ತೆ ಆ ಹುಡುಗಿ ಯಾಕಮ್ಮ ತಾನೇ ಅಂತ ಒಪ್ಕೊಂಡ್ಲು?”

ಉತ್ತರ ನನಗೆ ಗೊತ್ತಿತ್ತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮನೆ ಹೋಗಬಾರದೆಂದು ನೀನು ಒಪ್ಪಿಕೊಂಡೆ, ನೆಂಗ್. ಅಂದು ಹಿತ್ತಲಲ್ಲಿ ಎದುರುಬದುರು ನಿಂತಿದ್ದ ನಮ್ಮ ಮೂವರಲ್ಲಿ, ಮನೆ ಹೋಗುವುದು ಎಂದರೇನೆಂದು ನಿನಗೊಬ್ಬಳಿಗೇ ಗೊತ್ತಿತ್ತು.