ಮನ್ಮಥಪ್ಪನವರ ಸಂಜೆ ಗೇಟು

ಚಿದ್ರಿಯ ನಮ್ಮ ಓಣಿಯಲ್ಲಿ ರೈಲು ಹಳಿ ಇಲ್ಲ. ಆದರೂ ಸಂಜೆ ಆರಾಯಿತೆಂದರೆ ಪಕ್ಕದ ಮನೆಯ ಮನ್ಮಥಪ್ಪನವರು ಕೆಂಪು ಟವೆಲ್ ಹಿಡಿದು ದಾರಿಗೆ ಅಡ್ಡ ನಿಂತುಬಿಡುತ್ತಿದ್ದರು. ನನ್ನ ಸ್ಕೂಟರನ್ನೂ ಬಿಡಲಿಲ್ಲ. ಎರಡು ದಿನ ನಕ್ಕೆ, ಮೂರನೆಯ ದಿನ ರೇಗಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಭಾಲ್ಕಿ ಹತ್ತಿರದ ರೈಲು ಗೇಟಿನಲ್ಲಿ ಮೂವತ್ತೊಂದು ವರ್ಷ ದುಡಿದವರು ಅವರು. ಅವರ ಕಾಲದಲ್ಲಿ ಅಲ್ಲಿ ಒಂದು ಆಡೂ ಸತ್ತಿಲ್ಲ. ಈಗ ಮರೆವಿನ ಕಾಯಿಲೆ. ಹೆಂಡತಿ ಸುಮಿತ್ರಾಬಾಯಿಯ ಗುರುತು ಹತ್ತದೆ ಎಂಟು ತಿಂಗಳಾಗಿತ್ತು. ಒಳಗೆ ಕರೆಯಲು ಹೋದರೆ ಆಕೆಯನ್ನೇ ದಬ್ಬುತ್ತಿದ್ದರು. ಆಕೆಯ ಮುಂಗೈ ಬಾತಿದ್ದು ನೋಡಿ ಮಗ ಸಿದ್ದೇಶ್ವರ ಡಾಕ್ಟರ್ ನಾಹೀದ ಅವರಲ್ಲಿ ಮತ್ತಿನ ಗುಳಿಗೆ ಕೇಳಿದ.

"ಮೆದುಳಿನ್ಯಾಗ ಒಂದು ಕಡಿ ಸುದ್ದಿ ಇನ್ನೊಂದು ಕಡಿ ಒಯ್ಯೋ ರಸಾಯನ ಕಡಿಮಿ ಆಗ್ಯಾವ್ರಿ," ಅಂದರು ಡಾಕ್ಟರು. "ಸಂಜಿಗಿ ದಣದಾಗ ಗಾಬರಿ ಜಾಸ್ತಿ. ಅದು ಸಿಟ್ಟಲ್ಲ, ಅಂಜಿಕಿ. ಗುಳಗಿ ಕೊಟ್ರ ತೂಕಡಿಸಿ ಬಿದ್ದು ಸೊಂಟ ಮುರಕೋಬಹುದು. ಯಾಕ ಅಂಜತಾರ, ಮೊದಲ ಅದು ನೋಡ್ರಿ."

ಏನೂ ಆಗದಿದ್ದರೆ ಕೊನೆಗಿರಲಿ ಎಂದು ಚೀಟಿ ಬರೆದುಕೊಟ್ಟರು. ಅಂಜಿಕೆಯ ಕಾರಣ ಹುಡುಕಲು ಸಿದ್ದೇಶ್ವರ ತಾಯಿಗೆ ಒಂದು ವಾರ ಗಡುವು ಕೊಟ್ಟ.

ಏಳನೆಯ ಸಂಜೆ ಸುಮಿತ್ರಾಬಾಯಿಗೆ ಗೇಟಿನ ಕ್ವಾರ್ಟರ್ಸಿನಲ್ಲಿ ದಿನಾ ಕಿವಿಗೆ ಬೀಳುತ್ತಿದ್ದ ಮಾತು ನೆನಪಾಯಿತು. ಗೇಟು ಹಾಕಿದ ಮೇಲೆ, ಅದು ಖಾತ್ರಿ ಎನ್ನುವುದಕ್ಕೆ, ಗೇಟ್‌ಮನ್ನೂ ಸ್ಟೇಷನ್ ಮಾಸ್ತರರೂ ಫೋನಿನಲ್ಲಿ ಒಂದೊಂದು ನಂಬರ್ ಹೇಳಿಕೊಳ್ಳಬೇಕು. ಪಾಪ, ಮನುಷ್ಯ ಇಷ್ಟು ದಿನ ಆ ನಂಬರಿಗಾಗಿ ಕಾದಿದ್ದ.

ಆಕೆ ಹೇಳಿದಂತೆ ನಾನು ನನ್ನ ಮೊಬೈಲನ್ನು ಮನ್ಮಥಪ್ಪನವರ ಕೈಗಿತ್ತೆ. ಸುಮಿತ್ರಾಬಾಯಿ ಬಾಗಿಲ ಹಿಂದಿನಿಂದ ಫೋನ್ ಮಾಡಿದರು. ನಲವತ್ತು ವರ್ಷದಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳದಿದ್ದ ಬಾಯಿ ತೊದಲಿತು. ಸ್ಟೇಷನ್ ಮಾಸ್ತರರ ಗತ್ತಂತೂ ಬರಲೇ ಇಲ್ಲ.

"ಮನ್ಮಥಪ್ಪ... ಗೇಟ್ ಹಾಕೀರೇನ್ರಿ?"

"ಹಾಕೀನ್ರಿ ಮೇಡಂ. ನಂಬರ್ ನಲವತ್ತೇಳು."

"ನಂದು ಹದಿನಾರು." ಎರಡು ನಿಮಿಷ ಬಿಟ್ಟು ಆಕೆಯೇ ಹೇಳಿದರು, "ಗಾಡಿ ಹೋಯ್ತು. ಗೇಟ್ ತೆಗೀರಿ."

ಮನ್ಮಥಪ್ಪನವರು ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡರು. ಮುಖದ ಗಾಬರಿ ಇಳಿದಿತ್ತು. ಕಟ್ಟೆಯ ಮೇಲೆ ಗುಳಿಗೆ ಹಿಡಿದು ನಿಂತಿದ್ದ ಸಿದ್ದೇಶ್ವರ ಅದನ್ನು ಜೇಬಿಗೆ ಸೇರಿಸಿದ.

ಮನ್ಮಥಪ್ಪನವರು ಫೋನ್ ಇಡಲಿಲ್ಲ. "ಮೇಡಂ, ಒಂದು ಕೆಲಸ ಮಾಡ್ರಿ. ನಮ್ಮ ಸುಮಿತ್ರಾಗ ಹೇಳಿ ಕಳಸ್ರಿ. ನಾ ಹೋಗೋತನಕಾ ಆಕಿ ಉಣ್ಣಂಗಿಲ್ಲ. ಡ್ಯೂಟಿ ಮುಗೀತು, ಬರ್ತೇನಿ ಅಂತ ಹೇಳ್ರಿ."



"ಹೇಳ್ತೇನ್ರಿ," ಅಂದರು ಸುಮಿತ್ರಾಬಾಯಿ.