ಅಸುಂಡಿಯ ಗಡಸು ನೀರಿನ ಮೀನುಗಳು

ಬೆಟಗೇರಿಯಲ್ಲಿ ಕಿಟಕಿಗೆ, ಫೋಟೊಗಳಿಗೆ ಗಾಜು ಕತ್ತರಿಸಿ ಕೊಡುವ ಅಝೀಮನಿಗೆ ಮೀನಿನ ಹುಚ್ಚು. ಅದೂ ಎಂಥೆಂಥವೋ ಅಲ್ಲ, ಆಫ್ರಿಕದ ಸರೋವರದ ಸಿಕ್ಲಿಡ್ ಮೀನುಗಳೇ ಆಗಬೇಕು. ತಾನೇ ಗಾಜು ಅಂಟಿಸಿ ಆಳುದ್ದದ ತೊಟ್ಟಿ ಮಾಡಿದ. ಇಡಲು ಮನೆಯಲ್ಲಿ ಜಾಗವಿರಲಿಲ್ಲ.

ಹೆಂಡತಿ ಫಿಜಾಳ ಅಣ್ಣ ತೌಹೀದ ಅವನ ಬಾಲ್ಯದ ಗೆಳೆಯನೂ ಹೌದು. “ನಮ್ಮ ಪಡಸಾಲ್ಯಾಗ ಇಡು ಬಾರಲೇ. ನನ್ನ ಮನಿ ಬ್ಯಾರೆ ಐತೇನು?” ಎಂದ.

ತೌಹೀದನ ಮನೆ ಅಸುಂಡಿಯಲ್ಲಿ. ಅಲ್ಲಿಯ ಬೋರಿನ ನೀರು ಬೇಳೆ ಬೇಯದಷ್ಟು ಗಡಸು. ಆ ಮೀನುಗಳಿಗೆ ಬೇಕಾದದ್ದೂ ಅಂಥದೇ ನೀರು. ಅಝೀಮ ಕಲ್ಲುಗಳನ್ನು ಗವಿಗಳಂತೆ ಒಟ್ಟಿದ. ಪಕ್ಕದ ಡ್ರಮ್ಮಿಗೆ ಸ್ಪಂಜು, ಇಟ್ಟಿಗೆ ಚೂರು ತುಂಬಿ ಫಿಲ್ಟರ್ ಮಾಡಿದ. ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಅದರಲ್ಲಿ ನೆಲೆಯೂರುವ ತನಕ ಒಂದೆರಡು ಮೀನಷ್ಟೇ ಬಿಟ್ಟು ಕಾದ. ಆಮೇಲೆ ತೊಟ್ಟಿ ತುಂಬ ಮೀನು.

“ಇಷ್ಟ್ಯಾಕೋ?” ಎಂದ ತೌಹೀದ.

“ಜಗಳಗಂಟ ಜಾತಿ. ನಾಕ ಇದ್ರ ಒಂದನ್ನ ಹಿಡದು ಕೊಲ್ತಾವು. ಗದ್ದಲ ಇದ್ರ ಯಾರ ಬೆನ್ನು ಹತ್ತಬೇಕಂತ ತಿಳಿಯಂಗಿಲ್ಲ.”

ಸ್ಪಂಜನ್ನು ಪಂಚಾಯಿತಿ ನಲ್ಲಿಯ ಬ್ಲೀಚಿಂಗ್ ನೀರಲ್ಲಿ ತೊಳೆಯಬಾರದು, ತೊಟ್ಟಿಯ ನೀರಲ್ಲೇ ಹಿಂಡಬೇಕು, ಇಲ್ಲದಿದ್ದರೆ ಆ ಸೂಕ್ಷ್ಮಜೀವಿಗಳು ಸತ್ತು ಮೀನೂ ಸಾಯುತ್ತವೆ ಎಂದು ತೌಹೀದನಿಗೆ ಕಲಿಸಿದ. ಸಂಜೆ ಅಂಗಡಿ ಮುಚ್ಚಿ ಸೀದಾ ಅಸುಂಡಿಗೆ ಹೋಗುತ್ತಿದ್ದ. ಹೆಣ್ಣು ಮೀನು ಮರಿಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಇದ್ದರೆ ಇವನಿಗೂ ಊಟ ಸೇರುತ್ತಿರಲಿಲ್ಲ.

ಒಮ್ಮೆ ಗಾಜಿನ ಕೆಲಸಕ್ಕೆಂದು ಲಕ್ಷ್ಮೇಶ್ವರಕ್ಕೆ ಹೋದವನು ವಾರದ ಮೇಲೆ ಬಂದ. ತೊಟ್ಟಿ ಖಾಲಿ.

“ಎಲ್ಲಾ ಸತ್ತುವು ಅಝೀಮ. ಹಿತ್ತಲದಾಗ ಹುಗದೆ,” ಎಂದ ತೌಹೀದ. “ಹೋಗೂ ಮುಂದ ಫಿಲ್ಟರ್ ತೊಳದಿದ್ದೆಲ್ಲ, ಅವಸರದಾಗ ನಲ್ಲಿ ನೀರು ಹಾಕಿದಿಯೋ ಏನೋ.”

“ಇಲ್ಲಲೇ…” ಎಂದ ಅಝೀಮ. ಆದರೆ ಅವತ್ತು ಅವಸರವಿದ್ದದ್ದು ಖರೆ. ದಿನ ಕಳೆದಂತೆ ನಲ್ಲಿ ತಿರುವಿದ್ದು, ನೀರು ಸ್ಪಂಜಿನ ಮೇಲೆ ಬಿದ್ದದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಗತೊಡಗಿತು. ಅಸುಂಡಿಗೆ ಹೋಗುವುದನ್ನೇ ಬಿಟ್ಟ. ತೌಹೀದ ಮನೆಗೆ ಬಂದಾಗಲೆಲ್ಲ ಬೆನ್ನು ಸವರಿ, “ಆಗಿದ್ದು ಆತು, ತಪ್ಪು ಎಲ್ಲಾರ್ದೂ ಆಗ್ತಾವು,” ಎನ್ನುತ್ತಿದ್ದ.

ಮರುವರ್ಷ ಮುಂಡರಗಿಯ ಹೊಸ ಮಂಗಲ ಕಾರ್ಯಾಲಯದಲ್ಲಿ ನೆಂಟರ ಮದುವೆ. ಫಿಜಾ ಓಡಿಬಂದು, “ಬಾಗಲದಾಗಿನ ತೊಟ್ಟ್ಯಾಗ ನಿಮ್ಮ ಮೀನಿನಗತೆನ ಅದಾವ ನೋಡ ಬರ್ರಿ,” ಎಂದಳು.

ಅವನ ಮೀನಿನ ಹಾಗಲ್ಲ, ಅವನವೇ. ಅಸುಂಡಿಯ ತೊಟ್ಟಿಯಲ್ಲಿ ಜಗಳಾಡಿ ಬೆನ್ನರೆಕ್ಕೆ ಹರಿದುಕೊಂಡಿದ್ದ ನೀಲಿ ಗಂಡು ಗಾಜಿನ ಹತ್ತಿರ ಬಂತು. ಅಲ್ಲಿದ್ದ ಮ್ಯಾನೇಜರ್ ಹೆಮ್ಮೆಯಿಂದ, “ತೌಹೀದಭಾಯಿ ನಮ್ಮ ಸಾವ್ಕಾರ್ರಿಗೆ ಕೊಟ್ಟದ್ರಿ. ಇಲ್ಲಿ ಶಾಮಿಯಾನಾ ಗುತ್ತಿಗಿ ಎಲ್ಲಾ ತೌಹೀದಭಾಯಿದ ಈಗ. ಭಾಳ ತಿಳಕೊಂಡಾರ್ರಿ ಅವರು. ಸ್ಪಂಜು ನಲ್ಲಿ ನೀರಾಗ ತೊಳಿಬ್ಯಾಡ್ರಿ ಅಂತ ಹೇಳಿ ಹೋಗ್ಯಾರ,” ಎಂದ.

ಊಟದ ಪಂಕ್ತಿಯ ಹತ್ತಿರ ನಿಂತಿದ್ದ ತೌಹೀದನನ್ನು ಅಝೀಮ ಹೊರಗೆ ಕರೆದ.

“ಕೇಳಿದ್ರ ನೀ ಕೊಡ್ತಿದ್ದೇನು?” ಎಂದ ತೌಹೀದ, ನೆಲ ನೋಡುತ್ತ. “ಶಾಮಿಯಾನಾದ್ದು ಹೊಸಾ ಧಂಧೆ, ಸಾವ್ಕಾರ್ರ ಮನಸ್ಸಿಗೆ ಆ ಮೀನು ಬಂದಿದ್ದುವು. ಮೀನು ಮತ್ತ ಸಿಗ್ತಾವಲೇ.”

“ಒಯ್ದಿದ್ದು ಹೋಗಲಿ. ನನ್ನ ಕೈಲೇ ಸತ್ತುವು ಅಂದೆಲ್ಲೋ. ಒಂದು ವರ್ಷ ನನ್ನ ಬೆನ್ನು ಸವರಿದೆಲ್ಲೋ.”

ಒಳಗಿನಿಂದ ಯಾರೋ ತೌಹೀದನನ್ನು ಕರೆದರು. ಅವನು ಹೋದ.

ಅಝೀಮ ಮೀನು ವಾಪಸ್ ಕೇಳಲಿಲ್ಲ. ಖಾಲಿ ತೊಟ್ಟಿಯನ್ನು ಮಾತ್ರ ಟ್ರ್ಯಾಕ್ಟರಿನಲ್ಲಿ ತರಿಸಿ, ಅದರ ಗಾಜನ್ನು ಅರ್ಧಕ್ಕೆ ಕತ್ತರಿಸಿ, ಒಳಕೋಣೆಯಲ್ಲಿ ಚಿಕ್ಕದೊಂದನ್ನು ಕಟ್ಟಿದ. ಅಸುಂಡಿಯ ನೀರಿನ ಬದಲು ಹೊಂಬಳದಿಂದ ಅಂಥದೇ ಗಡಸು ನೀರನ್ನು ಕ್ಯಾನಿನಲ್ಲಿ ತರುತ್ತಾನೆ.

ಹಬ್ಬಕ್ಕೆ ತೌಹೀದ ಬಂದಿದ್ದ. ಒಳಗಿನಿಂದ ಪಂಪಿನ ಸದ್ದು ಕೇಳಿ, “ಮತ್ತ ಶುರು ಮಾಡಿದೇನು?” ಎಂದ. ಅಝೀಮ ಹ್ಞೂಂ ಎಂದ. ಫಿಜಾ ಶಾವಿಗೆಯ ಸುರಕುಂಬಾ ಪಾಯಸ ತಂದಿಟ್ಟಳು. ತೌಹೀದ ಎರಡು ಸಲ ಒಳಬಾಗಿಲ ಕಡೆ ನೋಡಿದ. ಅಝೀಮ ಬಟ್ಟಲು ಅವನತ್ತ ಸರಿಸಿದ. ಬಾ, ನೋಡು ಅನ್ನಲಿಲ್ಲ.